ರಾಕ್ ಸಂಗೀತಕ್ಕೆ ಕ್ಯಾಜುವಲ್ ಪಟಗಾ

ಸಾವಿರದ ಒಂಬೈನೂರ ತೊಂಬತ್ಮೂರನೇ ಇಸವಿ, ಮೇ ತಿಂಗಳು. ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು, ಎಡಗೈ ಸೊಂಟಕ್ಕಿಟ್ಟು, ಬಲಗೈ ಮೇಲೆತ್ತಿ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. ಬರುವ ಐತವಾರ ನಾನು ಹಾಕಿಕೊಳ್ಳುವ ಅರಿವಿ ನೋಡಿ ನಿಪ್ಪಾಣಿಯ ಮಂದಿ ಹತ್ತು ವರ್ಷ ಮಾತಾಡಬೇಕು! ಮಾತಾಡದಿದ್ದರೆ ನಾನು ರಾವಸಾಹೇಬನೇ ಅಲ್ಲ!

ಬಟ್ಟೆಗೆ ನಮ್ಮ ಕಡೆ ಅರಿವಿ ಅಂತಾರೆ. ಮೈಮೇಲೆ ಅರಿವಿ ಹೆಚ್ಚಾದ ಹಾಗೆಲ್ಲ ತಲೆಯೊಳಗಿನ ಅರಿವು ಕಡಿಮೆಯಾಗುತ್ತ ಹೋಗುತ್ತದೆ ಅನ್ನುವುದು ನನಗೆ ಆಮೇಲೆ ತಿಳಿಯಿತು. ಆದರೆ ನನ್ನ ಹೆಂಡತಿ ಕಸ್ತೂರೆವ್ವನಿಗೆ ಆವತ್ತೇ ತಿಳಿದಿತ್ತು. ಆಕೆ ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣು ತೆಗೆಯದೆ ಅಂದಳು:

"ಹತ್ತ ವರ್ಷ ಮಾತಾಡ್ತಾರ, ಅದರಾಗ ನನಗೇನ ಸಂಶೇ ಇಲ್ರಿ. ಏನ ಮಾತಾಡ್ತಾರ ಅನ್ನೂದ ಚಿಂತಿ."

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ರಾವಸಾಹೇಬ ಎಂಬ ನನ್ನ ಹೆಸರಿನೊಳಗೆ ಒಬ್ಬ ರಾಯರಿದ್ದಾರೆ, ಒಬ್ಬ ಸಾಹೇಬರಿದ್ದಾರೆ. ಕಚೇರಿಯಲ್ಲಿ ಮಾತ್ರ ನಾನೊಬ್ಬ ಗುಮಾಸ್ತ. ಚಿಕ್ಕೋಡಿಯಲ್ಲಿ ಕಚೇರಿಗಳಿಗೇನು ಕಡಿಮೆ? ಯಾವುದೋ ಒಂದು ಅಂತ ಇಟ್ಟುಕೊಳ್ಳಿ. ಸಭೆ ಸಮಾರಂಭಗಳಿಗೆ ಮೈಕು ಹಚ್ಚುವ ಪರವಾನಗಿಯ ಕಾಗದ ನನ್ನ ಮೇಜಿನ ಮೇಲಿಂದ ಹಾದುಹೋಗುತ್ತಿತ್ತು. ಅಂದರೆ ಸುತ್ತಮುತ್ತಲ ತಾಲೂಕುಗಳಲ್ಲಿ ಯಾರು ಯಾವಾಗ ಎಷ್ಟು ಒದರಬೇಕು ಅನ್ನುವುದು ನನಗೆ ಗೊತ್ತಿಲ್ಲದೆ ನಡೆಯುತ್ತಿರಲಿಲ್ಲ.

ಹಾಗೆ ಒಂದು ಕಾಗದ ಹಿಡಿದು ಇಬ್ರಾಹಿಮ ಬಂದಿದ್ದ. ಬೋರಗಾಂವದಲ್ಲಿ ಪವರಲೂಮ್ ಇಟ್ಟವರ ಮಗ, ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಕೂದಲು ಹೆಗಲ ತನಕ. ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದವನನ್ನು ಹಿಂದಿನಿಂದ ನೋಡಿ "ಯಾಕ ಬಂದಿ ತಂಗೀ" ಅಂತ ಕೇಳಿದ್ದೆ, ತಿರುಗಿದರೆ ಮೀಸೆ! ಅವನೂ ಅವನ ಗೆಳೆಯರೂ ಕೂಡಿ ನಿಪ್ಪಾಣಿಯ ಹತ್ತಿರ, ಅಕ್ಕೋಳ ರಸ್ತೆಯ ಬಯಲಿನಲ್ಲಿ, ರಾಕ್ ಸಂಗೀತದ ಉತ್ಸವ ಮಾಡುವವರಿದ್ದರು. ಮುಂಜಾನೆ ಹನ್ನೊಂದರಿಂದ ಸಂಜೆ ಆರರ ತನಕ, ಪುಣೆ ಕೊಲ್ಲಾಪುರ ಬೆಳಗಾವಿಯಿಂದ ಐದು ತಂಡ. ಪರವಾನಗಿ ಸಿಕ್ಕ ಖುಷಿಗೆ ನನಗೂ ಕಸ್ತೂರೆವ್ವನಿಗೂ ಆಮಂತ್ರಣ ತಂದುಕೊಟ್ಟ. ಮುಂದಿನ ಸಾಲು, ಸೋಫಾ! ಹೊಳೆಯುವ ಕಾರ್ಡು, ಪೂರ್ತಿ ಇಂಗ್ಲಿಷಿನಲ್ಲಿ. ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: 'ಡ್ರೆಸ್: ಕ್ಯಾಜುವಲ್.'

ಅಲ್ಲಿಂದ ಶುರುವಾಯಿತು ನೋಡಿ.

ನಾನು ಹದಿನೈದು ವರ್ಷ ಸರಕಾರದ ಅನ್ನ ಉಂಡವನು. ಕ್ಯಾಜುವಲ್ ಅಂದರೇನು ಅಂತ ನನಗೆ ಹೇಳಿಕೊಡುವ ಗಂಡಸು ಚಿಕ್ಕೋಡಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಕ್ಯಾಜುವಲ್ ಅಂದರೆ ರಜೆ! ಇಂಥವನು ಇವತ್ತು ಕ್ಯಾಜುವಲ್ ಹಾಕ್ಯಾನ, ನಾಳೆ ಕ್ಯಾಜುವಲ್ ಮ್ಯಾಲ ಅದಾನ, ಅಂತ ದಿನಕ್ಕೆ ನಾಲ್ಕು ಸಲ ಅನ್ನುವವರು ನಾವು. ಹಾಗಾದರೆ ಕ್ಯಾಜುವಲ್ ಡ್ರೆಸ್ ಅಂದರೆ? ಕ್ಯಾಜುವಲ್ ರಜೆ ಹಾಕಿದ ದಿನ ಮನುಷ್ಯ ಉಡುವ ಅರಿವಿ. ಬಿಸಿಲಿನಷ್ಟು ಸ್ವಚ್ಛ!

ಆದರೂ ಒಬ್ಬನೇ ತೀರ್ಮಾನ ತೆಗೆದುಕೊಳ್ಳುವುದು ಕಚೇರಿಯವರ ಗುಣವಲ್ಲ. ಟೈಪಿಸ್ಟ್ ಜಮಾಲಸಾಬರ ಹತ್ತಿರ ಹೋದೆ. ಎರಡೇ ಬೆರಳಿನಲ್ಲಿ ಟೈಪು ಹೊಡೆಯುವ ಮನುಷ್ಯ, ಆದರೆ ನಿಯಮದ ವಿಷಯದಲ್ಲಿ ಹತ್ತು ಬೆರಳೂ ಬಾಯಲ್ಲಿಡುವಷ್ಟು ಜಾಣ. ಕಾರ್ಡು ತಿರುಗಿಸಿ ಮುರುಗಿಸಿ ನೋಡಿ, ರಾಕ್ ಅಂದರೆ ಏನಪ್ಪಾ ಅಂತ ಮೊದಲು ಕೇಳಿದರು. ಗೊತ್ತಿಲ್ಲ ಅಂದೆ. ನಮ್ಮ ಮಾತಿನಲ್ಲಿ ರಾಖ ಅಂದರೆ ಬೂದಿ, ಈ ಬಿಸಿಲಿನಲ್ಲಿ ಹೋದರೆ ಅದೇ ಆಗುತ್ತೀ, ಅಂದರು. ಆಮೇಲೆ, ಐತವಾರ ಹ್ಯಾಗೂ ಸುಟ್ಟಿ, ರಜೆ ಹಾಕುವ ಕೆಲಸವಿಲ್ಲ, ಉಡುವ ಕೆಲಸ ಅಷ್ಟೇ ಅಂತ ಖಚಿತಪಡಿಸಿ, ದಾಖಲೆ ನೋಡಿಯೇ ಬಿಡೋಣ ಅಂತ ನನ್ನ ರಜೆಯ ರಿಜಿಸ್ಟರ್ ತೆರೆದರು.

ಒಂಬತ್ತು ವರ್ಷದ ಪುಟಗಳು. ಮದುವೆಗೆ ಹಾಕಿದ್ದು ಇಪ್ಪತ್ತೆರಡು, ಸತ್ತವರ ಮಣ್ಣಿಗೆ ಹಾಕಿದ್ದು ಒಂಬತ್ತು, ಕಬ್ಬು ಕಡಿಸಲಿಕ್ಕೆ ಆರು. ಹೊಟ್ಟೆನೋವಿಗೆ ಮೂವತ್ತೊಂದು!

ಜಮಾಲಸಾಬರು ಚಷ್ಮದ ಮೇಲಿನಿಂದ ನನ್ನನ್ನು ನೋಡಿದರು.

"ಹೊಟ್ಟಿನೋವಿನ ದಿನಾ ಏನ ಹಾಕ್ಕೊಂತಿ?"

"ಬನಿಯನ್ನು, ಪಟ್ಟಾಪಟ್ಟಿ ಚಡ್ಡಿ."

"ದಾಖಲಿ ಪ್ರಕಾರ ಅದ ಕ್ಯಾಜುವಲ್ ಡ್ರೆಸ್ ಆಗತೈತಿ ಮತ್ತ."

ನಾನು ಸುತ್ತ ನೋಡಿ, ದನಿ ತಗ್ಗಿಸಿ, ಆ ಮೂವತ್ತೊಂದರಲ್ಲಿ ಹೊಟ್ಟೆ ಖರೇ ನೊಂದದ್ದು ಒಂದೇ ದಿನ ಅಂದೆ. ಸುಳ್ಳು ರಜೆಯನ್ನು ಪುರಾವೆಗೆ ಹಿಡಿಯಲು ಬರುವುದಿಲ್ಲ ಅಂತ ಅವರೂ ಒಪ್ಪಿದರು. ಹೊಟ್ಟೆನೋವು ಹೊಡೆದುಹಾಕಿದೆವು. ಉಳಿದದ್ದರಲ್ಲಿ ಬಹುಮತ ಮದುವೆಗೆ. ಜಮಾಲಸಾಬರು ಟಿಪ್ಪಣಿ ಟೈಪು ಮಾಡಿಯೇ ಕೊಟ್ಟರು: 'ಸದರಿ ದಾಖಲೆಗಳನ್ನು ಪರಿಶೀಲಿಸಲಾಗಿ, ಕ್ಯಾಜುವಲ್ ಉಡುಪು ಎಂದರೆ ಮದುವೆಗೆ ಉಡುವ ಉಡುಪು ಎಂದು ಕಂಡುಬರುತ್ತದೆ.' ಕೆಳಗೆ ನಾನೇ ಸಹಿ ಹಾಕಿಕೊಂಡೆ.

ಮನೆಗೆ ಬಂದು ಟ್ರಂಕು ತೆರೆದೆ. ನನ್ನ ಮದುವೆಯ ಕರೀ ಕೋಟು, ಉಣ್ಣೆಯದು, ಹದಿನಾಲ್ಕು ವರ್ಷದ್ದು. ಕೋಟು ಹಾಗೇ ಇತ್ತು, ನಾನು ಮಾತ್ರ ಎರಡೂ ಕಡೆ ಬೆಳೆದಿದ್ದೆ. ನೆಹರು ಶರ್ಟು. ಜರಿಯಂಚಿನ ಧೋತರ. ತಲೆಗೆ ಸುತ್ತಲು ಹತ್ತು ಮೊಳದ ಗುಲಾಲಿ ಬಣ್ಣದ ಪಟಗಾ. ಸಾಲದ್ದಕ್ಕೆ ಕೊಲ್ಲಾಪುರದ ಕಾಲ್ಮರಿ, ಹೆಜ್ಜೆ ಇಟ್ಟರೆ ಅರ್ಧ ಫರ್ಲಾಂಗು ಕಿರ್ರೆನ್ನುವ ಚಪ್ಪಲಿ. ಎಲ್ಲ ಮಂಚದ ಮೇಲೆ ಹರವಿಟ್ಟು ಕಸ್ತೂರೆವ್ವನನ್ನು ಕರೆದೆ. ಆಕೆ ನೋಡಿದಳು. ಹೊರಗಿನ ಬಿಸಿಲು ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಇದನ್ನೆಲ್ಲ ಹಾಕಿಕೊಂಡು ಬಯಲಿನಲ್ಲಿ ಏಳು ತಾಸು ಕೂಡುವುದಾ ಅಂತ ಕೇಳಿದಳು. ನಾನು ಟಿಪ್ಪಣಿ ತೋರಿಸಿದೆ. ಸಹಿ ಯಾರದು ಅಂದಳು. ನಂದೇ ಅಂದೆ.

ಆಗ ಆಕೆ ಮಂಚದ ತುದಿಗೆ ಕೂತಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಬಹುದಿತ್ತು.

"ಹದಿನಾಕ ವರ್ಷ ಆತು ನಿಮ್ಮನ್ನ ಕಟ್ಕೊಂಡು. ಒಂದರ ಕಾರ್ಯೇ ಕಡೀತನಾ ನೋಡೇನೇನ ನಾನು? ನನ್ನ ತಂಗಿ ಮದುವ್ಯಾಗ ಅಕ್ಕಿಕಾಳ ಬೀಳೂಕಿಂತ ಮೊದಲ ಎಬ್ಬಿಸ್ಕೊಂಡ ಬಂದ್ರಿ, ಕೋಟ ಬಗಲಾಗ ಹಿಡೀತೈತಿ ಅಂತ. ರಾಯಬಾಗದಾಗ ನಾಟಕಕ್ಕ ಹೋದ್ವಿ, ಕೊಲಿ ಮಾಡಿದಾವ ಯಾರಂತ ನನಗ ಇವತ್ತಿಗೂ ಗೊತ್ತಿಲ್ಲ. ನಿಮ್ಮ ಕಾಲ್ಮರಿ ಕಚ್ಚಿತ್ತು. ಅರಿವಿ ನೀವ ಹಾಕ್ಕೊಂತೀರಿ, ಶಿಕ್ಷಾ ನನಗ ಆಗತೈತಿ. ಈ ಸಲ ನಾ ಕಡೀತನಾ ಕುಂದರಾಕಿ ನೋಡ್ರಿ."

ಖರೇ ಮಾತಿನ ಎದುರು ಗಂಡಸರಿಗೆ ಬರುವುದು ಒಂದೇ ವಿದ್ಯೆ, ಪಂಥ ಕಟ್ಟುವುದು. ಕಟ್ಟಿದೆ. ಯಾರು ಮೊದಲು 'ನಡಿ ಮನಿಗಿ' ಅಂತಾರೋ ಅವರು ಸೋತ ಹಾಗೆ. ಸೋತವರು ಸಾಯುವ ತನಕ ಗೆದ್ದವರು ಹೇಳಿದ್ದನ್ನೇ ಉಡಬೇಕು, ಹೇಳಿದ್ದನ್ನೇ ತೊಡಬೇಕು, ಎದುರು ಮಾತಿಲ್ಲ! ಕಸ್ತೂರೆವ್ವ ಯೋಚಿಸಲೂ ಇಲ್ಲ. ಆತು ಅಂದಳು. ಆಕೆ ಅಷ್ಟು ಬೇಗ ಒಪ್ಪಿದಾಗಲೇ ನಾನು ಹೆದರಬೇಕಿತ್ತು.

ಐತವಾರ ಬಂತು. ಬಿಸಿಲಂದರೆ ಬಿಸಿಲು. ಗೋಡೆಯ ಮೇಲಿನ ಹಲ್ಲಿ ನೆಲಕ್ಕಿಳಿದು ನೀರಿನ ಕೊಡದ ಬುಡದಲ್ಲಿ ಮಲಗಿತ್ತು. ನಾನು ಎಲ್ಲ ಏರಿಸಿ, ಕನ್ನಡಿಯ ಮುಂದೆ ನಿಂತು ನನಗೆ ನಾನೇ ಒಂದು ನಮಸ್ಕಾರ ಮಾಡಿದೆ. ಕಸ್ತೂರೆವ್ವ ಹೊರಬಂದಳು. ತೊಳೆದು ತೊಳೆದು ಮೆತ್ತಗಾದ ಹಳೆಯ ನೂಲಿನ ಸೀರೆ, ಸಡಿಲು ಕುಬಸ. ತಲೆಯ ಮೇಲೆ ಸೆರಗಿನ ಒಳಗೆ ಒದ್ದೆ ಟುವಾಲು. ಬಿಸಿಲು ಬಡಿಯದಿರಲಿ ಅಂತ ಸೆರಗಿನ ತುದಿಗೆ ಒಂದು ಉಳ್ಳಾಗಡ್ಡಿ ಕಟ್ಟಿದ್ದಳು. ಕೈಯಲ್ಲಿ ಮಜ್ಜಿಗೆ ತುಂಬಿದ ಕ್ಯಾನು. ಸೋಫಾದ ಮೇಲೆ ಕೂಡಲು ಹೊರಟಿದ್ದೀಯೋ ಕಸ ತೆಗೆಯಲು ಹೊರಟಿದ್ದೀಯೋ ಅಂತ ಕೇಳಿದೆ. ಎರಡಕ್ಕೂ ಇದೇ ಬರೋಬರಿ ಅಂದಳು.

ಬಸ್ಸಿನಲ್ಲಿ ಮಂದಿ ಎದ್ದು ಜಾಗ ಬಿಟ್ಟುಕೊಟ್ಟರು. ಕಂಡಕ್ಟರು ನನ್ನ ಪಟಗಾ ನೋಡಿ, ಎಲ್ಲಿ ಮದುವೆ ಅಂತ ಕೇಳಿದ. ಕ್ಯಾಜುವಲ್ ಅಂದೆ. ಅದು ಅಥಣಿ ಕಡೆಯ ಯಾವುದೋ ಹಳ್ಳಿ ಅಂದುಕೊಂಡು ತಲೆ ಅಲ್ಲಾಡಿಸಿದ.

ಬಯಲಿಗೆ ಕಾಲಿಟ್ಟೆವು. ಎರಡು ಸಾವಿರ ಹುಡುಗ ಹುಡುಗಿಯರು. ಅವರಲ್ಲಿ ಒಬ್ಬನ ಮೈಮೇಲಾದರೂ ಪೂರ್ತಿ ಅಂಗಿ ಇದ್ದರೆ ಕೇಳಿ! ತೋಳಿಲ್ಲದ ಬನಿಯನ್ನು, ಮೊಳಕಾಲಿನ ಮೇಲಿನ ಚಡ್ಡಿ, ಮೊಳಕಾಲಲ್ಲಿ ಹರಿದ ಪ್ಯಾಂಟು, ಸ್ಲಿಪ್ಪರು. ಕಸ್ತೂರೆವ್ವ ಕಣ್ಣರಳಿಸಿ ಸುತ್ತ ನೋಡಿ, ನನ್ನ ಕಿವಿಯ ಹತ್ತಿರ ಬಂದಳು.

"ಎಲ್ಲಾರೂ ಹೊಟ್ಟಿನೋವಿನ ರಜಾ ಹಾಕಿ ಬಂದಾರಲ್ರೀ."

ನಾನು ಗತ್ತಿನಿಂದ ನಡೆದೆ. ನನ್ನ ಕಾಲ್ಮರಿಯ ಕಿರ್ರುಕಿರ್ರು ಕೇಳಿ ಹುಡುಗರು ಎರಡೂ ಕಡೆ ಸರಿದು ದಾರಿ ಬಿಟ್ಟರು. ಇಬ್ರಾಹಿಮ ಓಡಿ ಬಂದು, ಕಾಕಾ, ಭಾರಿ ಕಾಣಾಕತ್ತೀರಿ, ಅಂದ. ಅವನ ಮೈಮೇಲೂ ಬನಿಯನ್ನೇ. ನೀಲಿ ರೆಕ್ಸಿನ್ನಿನ ಸೋಫಾ ತೋರಿಸಿದ. ಶಾಮಿಯಾನಾ ವೇದಿಕೆಗೆ ಇತ್ತು, ಹಿಂದಿನ ಸಾಲುಗಳಿಗೆ ಇತ್ತು. ನಡುವೆ ಬಟ್ಟೆ ಸಾಲದೆ, ಮುಂದಿನ ಸಾಲಿನ ಗಣ್ಯರಿಗೆ ಮಾತ್ರ ಆಕಾಶ ಬಿಟ್ಟಿದ್ದರು. ಅಂಥ ಗಣ್ಯರು ನಾವಿಬ್ಬರೇ. ಮುಂಜಾನೆಯಿಂದ ಕಾದ ರೆಕ್ಸಿನ್ನಿನ ಮೇಲೆ ಕೂತೆ. ರೊಟ್ಟಿಯನ್ನು ಹಂಚಿಗೆ ಹಾಕಿದಾಗ ಅದಕ್ಕೆ ಹ್ಯಾಗೆ ಅನ್ನಿಸುತ್ತದೆ ಅನ್ನುವುದು ಆಗ ತಿಳಿಯಿತು. ಕಸ್ತೂರೆವ್ವ ಒದ್ದೆ ಟುವಾಲಿನಿಂದ ಸೋಫಾ ಒರೆಸಿ, ಟುವಾಲನ್ನು ಮತ್ತೆ ತಲೆಗೆ ಹಾಕಿಕೊಂಡು, ಆರಾಮಾಗಿ ಚಕ್ಕಳಮಕ್ಕಳ ಹಾಕಿ ಕೂತಳು.

ಮೊದಲನೇ ತಂಡ ಶುರು ಮಾಡಿತು. ಅಬ್ಬಬ್ಬಾ! ಸದ್ದು ಕಿವಿಗೆ ಬರಲಿಲ್ಲ, ನೇರ ಎದೆಗೇ ಗುದ್ದಿತು. ಕೋಟಿನ ಐದೂ ಗುಂಡಿ ತಾವೇ ತಾಳ ಹಾಕತೊಡಗಿದವು. ಇನ್ನು ಈಕೆ ಕಿವಿ ಮುಚ್ಚಿಕೊಂಡು ನಡ್ರಿ ಮನಿಗಿ ಅಂತಾಳೆ, ನಾನು ಗೆದ್ದೆ, ಅಂತ ಓರೆಗಣ್ಣಿನಿಂದ ನೋಡಿದೆ. ಕಸ್ತೂರೆವ್ವ ಕಣ್ಣು ಅರ್ಧ ಮುಚ್ಚಿ, ಮೊಳಕಾಲ ಮೇಲೆ ಬೆರಳು ಬಡಿಯುತ್ತಿದ್ದಳು! ನಾನು ಮರೆತೇಬಿಟ್ಟಿದ್ದೆ. ಆಕೆಯ ತವರೂ ಬೋರಗಾಂವವೇ. ಹುಟ್ಟಿದ ಮನೆಯ ಪಡಸಾಲೆಯ ಪಕ್ಕದಲ್ಲೇ ಹನ್ನೆರಡು ಮಗ್ಗ ಹಗಲು ರಾತ್ರಿ ಬಡಿದುಕೊಳ್ಳುತ್ತಿದ್ದವು. ಆ ಸದ್ದಿಲ್ಲದೆ ನಮ್ಮ ಮನೆಯಲ್ಲಿ ಆಕೆಗೆ ಮೊದಲ ಆರು ತಿಂಗಳು ನಿದ್ದೆಯೇ ಬಂದಿರಲಿಲ್ಲ. ಹಾಡು ಮುಗಿದ ಮೇಲೆ ನನ್ನ ಕಡೆ ತಿರುಗಿ, ಗಡಗಡಿ ಬಾರಿಸುವ ಹುಡುಗನ ಕೈ ಚಲೋ ಐತಿ, ಗಿಟಾರದವ ಮಾತ್ರ ಒಂದೊಂದು ಎಳಿ ಬಿಡಾಕತ್ತಾನ, ಅಂದಳು. ನೇಯುವವರ ಮಗಳು ಹಾಡಿನಲ್ಲೂ ಎಳೆ ಎಣಿಸುತ್ತಿದ್ದಳು.

ಎರಡನೇ ತಂಡ. ಹೊತ್ತು ನೆತ್ತಿಗೆ ಬಂತು. ತಂಬಾಕಿನ ಊರಾದ ನಿಪ್ಪಾಣಿಯ ಪಕ್ಕದಲ್ಲೇ ಬೆಳೆದವನು ನಾನು, ಎಲೆ ಬಿಸಿಲಿಗೆ ಒಣಗುವುದನ್ನು ಎಷ್ಟೋ ನೋಡಿದ್ದೆ. ಆವತ್ತು ಎಲೆಯ ಕಡೆಯಿಂದ ನೋಡಿದೆ. ಬನಿಯನ್ನು ಅಂಗಿಗೆ ಅಂಟಿತು, ಅಂಗಿ ಕೋಟಿಗೆ ಅಂಟಿತು, ಕೋಟು ರೆಕ್ಸಿನ್ನಿಗೆ ಅಂಟಿತು. ಪಟಗಾದ ಗುಲಾಲಿ ಬಣ್ಣ ಬೆವರಿಗೆ ಬಿಟ್ಟುಕೊಂಡು ಹಣೆಯ ಮೇಲಿಂದ ಮೂರು ಹೊಳೆಯಾಗಿ ಇಳಿಯಿತು. ಹಿಂದಿನ ಸಾಲಿನ ಒಬ್ಬ ಹುಡುಗ ಬಂದು, ಮುಖಕ್ಕೆ ಬಣ್ಣ ಎಲ್ಲಿ ಹಚ್ಚಿಸಿದಿರಿ ಅಂತ ಮರಾಠಿಯಲ್ಲಿ ಕೇಳಿದ. ಕಸ್ತೂರೆವ್ವ ಕ್ಯಾನಿನ ಮುಚ್ಚಳದಲ್ಲಿ ಮಜ್ಜಿಗೆ ಸುರಿದು ಕುಡಿದಳು. ನನ್ನ ಕಡೆ ಹಿಡಿದಳು. ಗಣ್ಯರು ಕ್ಯಾನಿನ ಮುಚ್ಚಳದಲ್ಲಿ ಕುಡಿಯುವುದಿಲ್ಲ ಅಂದೆ. ನಾಲಿಗೆ ಆಡದೆ ಅದೂ ಅರ್ಧವೇ ಹೊರಬಿತ್ತು.

ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕೇಳಿತು. ಇಬ್ರಾಹಿಮ ಪುಣೆಯಲ್ಲಿ ಎಷ್ಟೇ ಓದಲಿ, ಕೂದಲು ಎಷ್ಟೇ ಬಿಡಲಿ, ಬೋರಗಾಂವದ ಅವನ ಅಪ್ಪ ಒಂದು ಮಾತು ಹೇಳಿ ಕಳಿಸಿದ್ದರಂತೆ: ಸನ್ಮಾನವಿಲ್ಲದೆ ಸಮಾರಂಭ ಆಗಬಾರದು! ನಮ್ಮ ಕಡೆ ಬೋರ್‌ವೆಲ್ಲಿಗೆ ನೀರು ಬಂದರೂ ಕೊರೆದವನಿಗೆ ಶಾಲು ಹೊದಿಸುತ್ತೇವೆ. ರಾಕ್ ಸಂಗೀತಕ್ಕೆ ಬಿಡುತ್ತೇವೆಯೇ?

ಎದ್ದೆ. ಸೋಫಾ ಚರ್ರೆಂದು ನನ್ನನ್ನು ಬಿಟ್ಟಿತು. ಕಾಲ್ಮರಿ ಮೆಟ್ಟಿಲ ಬುಡದಲ್ಲಿ ಬಿಟ್ಟು ವೇದಿಕೆ ಏರಿದೆ. ಇಬ್ರಾಹಿಮ ನನ್ನ ಕೋಟಿನ ಮೇಲೆ ಶಾಲು ಹೊದಿಸಿದ, ಅದೂ ಉಣ್ಣೆಯದು! ಶಾಲಿನ ಮೇಲೆ ಕೈ ದಪ್ಪದ ಚೆಂಡುಹೂವಿನ ಹಾರ. ಕೈಗೆ ತೆಂಗಿನಕಾಯಿ. ಆಮೇಲೆ ಸನ್ಮಾನದ ಪಟಗಾ ತಂದರು. ತಲೆಯ ಮೇಲೆ ಆಗಲೇ ಒಂದಿದೆಯಲ್ಲ ಅಂತ ಇಬ್ರಾಹಿಮ ಒಂದು ಕ್ಷಣ ತಡೆದ. ಇರುವುದನ್ನು ಬಿಚ್ಚಿದರೆ ಗಣ್ಯರಿಗೆ ಅಪಮಾನ, ತಂದದ್ದನ್ನು ಕಟ್ಟದಿದ್ದರೆ ಸಮಾರಂಭಕ್ಕೆ ಅಪಮಾನ. ಕಟ್ಟಿಯೇಬಿಟ್ಟ, ಒಂದರ ಮೇಲೊಂದು. ತಲೆಯ ಮೇಲೆ ಎರಡಂತಸ್ತಿನ ಮನೆ! ನಾನು ಬಾಗಿಲಿಲ್ಲದ ಮನೆಯೊಳಗಿನ ಒಲೆಯಾದೆ. ಇನ್ನು ಎರಡು ಮಾತು ಆಡಬೇಕು ಅಂತ ಮೈಕು ಬಾಯಿಗಿಟ್ಟರು.

ಭಾಷಣ ಸಿದ್ಧವಿತ್ತು. 'ಸಂಗೀತವೆಂಬುದು ಮಾನವನ' ಅಂತ ಶುರು. ಬಾಯಿ ತೆರೆದೆ. ಸಂಗೀತ ಬರಲಿಲ್ಲ, ಮಾನವನೂ ಬರಲಿಲ್ಲ. ಕಣ್ಣು ಕಪ್ಪುಗಟ್ಟಿತು. ಎರಡು ಸಾವಿರ ಮುಖಗಳ ನಡುವೆ ಒಂದೇ ಒಂದು ಕಂಡಿತು, ಒದ್ದೆ ಟುವಾಲಿನ ಕೆಳಗೆ ತಣ್ಣಗೆ ನಗುತ್ತ ಮಜ್ಜಿಗೆ ಸುರಿದುಕೊಳ್ಳುತ್ತಿದ್ದ ಮುಖ. ಆಮೇಲೆ ಏನಾಯಿತೋ, ನನ್ನ ಬಾಯಿ ನನ್ನನ್ನು ಕೇಳದೆ ಆಡಿಬಿಟ್ಟಿತು:

"ಕಸ್ತೂರೀ... ನಡಿ ಮನಿಗಿ!"

ಹನ್ನೆರಡು ದೊಡ್ಡ ಸ್ಪೀಕರು! ಆ ಮಾತು ಅಕ್ಕೋಳದ ಕಡೆ ಹೋಯಿತು, ನಿಪ್ಪಾಣಿಯ ಕಡೆ ಹೋಯಿತು, ಹೆದ್ದಾರಿ ದಾಟಿ ಮಹಾರಾಷ್ಟ್ರಕ್ಕೂ ಹೋಗಿರಬೇಕು. ಅದಕ್ಕೆ ಪರವಾನಗಿ ಹಾಯಿಸಿದವನೂ ನಾನೇ. ಅಷ್ಟರಲ್ಲಿ ಹಿಂದೆ ಕೂತಿದ್ದ ಡ್ರಮ್ಮಿನ ಹುಡುಗ, ಇದು ಹಾಡಿನ ಪಲ್ಲವಿ ಅಂದುಕೊಂಡನೋ ಏನೋ, ಧಡ್ ಧಡ್ ಧಡಾಡ್ ಅಂತ ಬಿಟ್ಟ. ಕನ್ನಡ ಬಾರದ ಪುಣೆಯ ಗಿಟಾರಿನವನು ಮೈಕಿಗೆ ಬಾಯಿ ಕೊಟ್ಟು "ನಡೀ ಮನಿಗೀ" ಅಂತ ಎಳೆದ. ಎರಡು ಸಾವಿರ ಮಂದಿ ತಿರುಗಿ ಕೂಗಿದರು, "ನಡೀ ಮನಿಗೀ!"

ನಾನು ಅಲ್ಲ ಅಲ್ಲ ಅಂತ ಹಿಂದೆ ಸರಿದೆ. ಹಿಂದೆ ಆಳೆತ್ತರದ ಫ್ಯಾನು ತಿರುಗುತ್ತಿತ್ತು. ಮೇಲಂತಸ್ತಿನ ಪಟಗಾದ ತುದಿ ಅದರ ಜಾಳಿಗೆಯೊಳಗೆ ಹೋಯಿತು. ಫ್ಯಾನು ಎಳೆಯಿತು, ನಾನು ತಿರುಗಿದೆ. ಮೇಲಂತಸ್ತು ಹೋಯಿತು, ಅದಕ್ಕೆ ಸಿಕ್ಕಿಕೊಂಡು ಕೆಳಅಂತಸ್ತೂ ಹೊರಟಿತು. ಇಪ್ಪತ್ತು ಮೊಳ! ಅಷ್ಟೂ ಬಿಚ್ಚುವ ತನಕ ಬುಗುರಿಯ ಹಾಗೆ ತಿರುಗಿದೆ. ತಿರುಗುವ ರಭಸಕ್ಕೆ ಶಾಲು ಹಾರಿತು, ಹಾರ ಹರಿದು ಹುಡುಗಿಯರ ಮೇಲೆ ಹೂವು ಬಿತ್ತು. ಫ್ಯಾನು ಪಟಗಾ ಉಂಡು ಹೊಟ್ಟೆ ತುಂಬಿ ನಿಂತಿತು. ಕೋಟನ್ನು ನಾನೇ ಕಿತ್ತೆಸೆದೆ, ಸುಳ್ಳೇಕೆ ಹೇಳಲಿ. ಎಸೆದ ಕೂಡಲೇ ಎಷ್ಟು ಸಿಳ್ಳು ಬಿದ್ದವೆಂದರೆ ಅಂಗಿಯನ್ನೂ ಎಸೆದೆ. ಧೋತರವನ್ನು ನಾನು ಮುಟ್ಟಲಿಲ್ಲ. ಅದರ ಕಚ್ಚೆ ಮೈಕಿನ ವೈರಿಗೆ ಸಿಕ್ಕಿತ್ತು, ನಾನು ಮೆಟ್ಟಿಲ ಕಡೆ ಓಡಿದೆ, ಅದು ಅಲ್ಲೇ ಉಳಿಯಿತು.

ಹೀಗಾಗಿ ನಾನು ವೇದಿಕೆಯಿಂದ ಇಳಿದದ್ದು ಬನಿಯನ್ನು, ಪಟ್ಟಾಪಟ್ಟಿ ಚಡ್ಡಿ, ಒಂದು ತೆಂಗಿನಕಾಯಿಯ ಜೊತೆಗೆ. ಬಯಲು ಗುಡುಗಿತು. ಹುಡುಗರು ಬೆನ್ನು ತಟ್ಟಿದರು. ಏಳೂರ ದನ ಮೇಯಿಸಿ ಬಂದವರ ಹಾಗಿದ್ದ ಆ ಪರಿಷೆಯಲ್ಲಿ ಈಗ ನಾನೂ ಅವರಲ್ಲೊಬ್ಬ.

ಕಸ್ತೂರೆವ್ವ ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತ ಕೂಡಲೇ ಮುಖ ಬಿಗಿ ಮಾಡಿದಳು.

"ಸೋತ್ರಿ."

"ಅದ ಹಾಡಲೇ. ಹಾಡಿನ್ಯಾಗ ಅಂದದ್ದ ಲೆಕ್ಕಕ್ಕ ಬರೂದಿಲ್ಲ."

"ಎರಡ ಸಾವಿರ ಮಂದಿ ಸಾಕ್ಷಿ ಅದಾರ. ಇನ್ನೂ ಹೇಳಾಕತ್ತಾರ, ಕೇಳಸ್ವಲ್ದನು?"

ಕೇಳಿಸುತ್ತಿತ್ತು. ನನ್ನ ಸೋಲಿಗೆ ತಾಳ ಹಾಕಿ, ರಾಗ ಎಳೆದು, ಹದಿನೈದು ನಿಮಿಷ ಹಾಡಿದರು. ಇನ್ನಾದರೂ ಹೋಗೋಣವೇ ಅಂತ ಮೆಲ್ಲಗೆ ಕೇಳಿದೆ. ಸೋತವರು ಬೇಕಾದರೆ ಹೋಗಬಹುದು, ಗೆದ್ದವರಿಗೆ ಇನ್ನೂ ಮೂರು ತಂಡ ಕೇಳುವುದಿದೆ ಅಂದಳು. ಆಮೇಲೆ ತನ್ನ ತಲೆಯ ಮೇಲಿನ ಒದ್ದೆ ಟುವಾಲು ತೆಗೆದು ನನ್ನ ತಲೆಗೆ ಸುತ್ತಿದಳು. ಕ್ಯಾನಿನ ಮುಚ್ಚಳದಲ್ಲಿ ಮಜ್ಜಿಗೆ ಕೊಟ್ಟಳು. ನಾಲ್ಕು ಮುಚ್ಚಳ ಕುಡಿದೆ. ಇಬ್ರಾಹಿಮ ಫ್ಯಾನಿನಿಂದ ಪಟಗಾ ಬಿಡಿಸಿ, ಉಳಿದ ಅರಿವಿಗಳನ್ನೂ ಹೆಕ್ಕಿ, ಎಲ್ಲ ತಂದು ತಲೆ ತಗ್ಗಿಸಿ ಕೊಟ್ಟ. ಕಸ್ತೂರೆವ್ವ ಅವೆಲ್ಲವನ್ನೂ ಶಾಲಿನಲ್ಲಿ ಹಾಕಿ ಗಂಟು ಕಟ್ಟಿ ಮಡಿಲಲ್ಲಿ ಇಟ್ಟುಕೊಂಡಳು.

ಆಮೇಲೆ ಏನು ಹೇಳಲಿ! ಬೆವರಿಗೆ ಗಾಳಿ ಬಡಿಯಿತು. ಮೈ ಮೈಯಾಯಿತು. ಹಿಡಿಯುವ ಬಗಲಿಲ್ಲ, ಕಚ್ಚುವ ಕಾಲ್ಮರಿಯಿಲ್ಲ. ಮೂರನೇ ತಂಡದ ಹೊತ್ತಿಗೆ ನನಗೂ ಎಳೆ ಗೊತ್ತಾಗತೊಡಗಿತು. ಬಿಸಿಲಿಗೆ ಬಸವಳಿದ ನಾಲ್ಕೈದು ಹುಡುಗಿಯರು ಬಂದು ಕಸ್ತೂರೆವ್ವನ ಸುತ್ತ ಕೂತರು. ಆಕೆ ಅವರ ಓಢಣಿಗಳನ್ನು ನೀರಿನಲ್ಲಿ ಅದ್ದಿ ತಲೆಗೆ ಸುತ್ತುವುದನ್ನು ಹೇಳಿಕೊಟ್ಟಳು. ಕೊನೆಯ ಹಾಡಿಗೆ ಎಲ್ಲರೂ ಎದ್ದರು. ಕಸ್ತೂರೆವ್ವನೂ ಎದ್ದಳು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಒಂದು ಕಾರ್ಯದ ಕೊನೆ ನೋಡುತ್ತಿದ್ದವಳು, ಅದು ಮುಗಿದ ಮೇಲೂ ಒಂದು ಗಳಿಗೆ ಹಾಗೇ ನಿಂತಿದ್ದಳು, ವೇದಿಕೆಯ ಮೇಲೆ ವೈರು ಸುತ್ತುವುದನ್ನು ನೋಡುತ್ತ. ಕೊನೆ ಅಂದರೆ ಪೂರ್ತಿ ಕೊನೆ. ಆಕೆಯ ಮುಖ ನೋಡಿ ನಾನು ನಡಿ ಅನ್ನಲಿಲ್ಲ. ಅನ್ನುವ ಹಕ್ಕೂ ಉಳಿದಿರಲಿಲ್ಲ ಅನ್ನಿ.

ಸಂಜೆಯ ಬಸ್ಸು ಹಿಡಿದೆವು. ಗಂಟಿಗೆ ಕೈ ಹಾಕಲು ಹೋದೆ. ಕಸ್ತೂರೆವ್ವ ಗಂಟನ್ನು ಆ ಬದಿಗೆ ಸರಿಸಿ, ಇದ್ದದ್ದೇ ಚಲೋ ಐತಿ ಅಂದಳು. ಪಂಥ ಪಂಥವೇ. ಬನಿಯನ್ನು ಚಡ್ಡಿಯಲ್ಲಿ, ಮುಖದ ಮೇಲೆ ಮೂರು ಗುಲಾಲಿ ಗೆರೆ ಹೊತ್ತು ಕೂತೆ. ನಮ್ಮ ಓಣಿಯ ಕಾಳವ್ವ ಆಯಿ ಅದೇ ಬಸ್ಸಿನಲ್ಲಿದ್ದಳು. ನನ್ನನ್ನು ನೋಡಿದ ಕೂಡಲೇ ಎದೆ ಎದೆ ಬಡಿದುಕೊಂಡು, ಯಾರು ದೋಚಿದರೋ ನನ ಮಗನ, ಏನೇನ ಕಳಕೊಂಡ್ಯೋ, ಅಂತ ಅಳಲಿಕ್ಕೇ ಕೂತಳು. ಇಡೀ ಬಸ್ಸು ತಿರುಗಿ ನೋಡಿತು. ಕಸ್ತೂರೆವ್ವ ಆಯಿಯ ಕೈ ಹಿಡಿದು ಸಮಾಧಾನ ಮಾಡಿದಳು.

"ಏನೂ ಕಳಕೊಂಡಿಲ್ಲ ಬೇ. ಅರಿವಿ ಎಲ್ಲಾ ಗಂಟಿನ್ಯಾಗ ಅದಾವ. ದೌಲತ್ತ ಒಂದ ಕಳಚಿ ಬಿದ್ದೈತಿ. ಅದ ಮೊದಲಿಂದ ಅವರಿಗೆ ಭಾಳ ಬಿಗಿ ಆಗತಿತ್ತು."

ಬಸ್ಸು ನಕ್ಕಿತು. ಕಾಳವ್ವ ಆಯಿಯೂ ಬೊಚ್ಚುಬಾಯಿ ತೆರೆದು ನಕ್ಕಳು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ಅರ್ಧ ದಾರಿಯಲ್ಲಿ ಪಡುವಣದಿಂದ ಮೋಡ ಎದ್ದು ಅಡ್ಡಮಳೆಯ ಗಾಳಿ ಬೀಸತೊಡಗಿತು. ಕಿಟಕಿಯ ಗಾಜು ಕೆಳಗಿಳಿದದ್ದು ಮೇಲೆ ಬರಲೊಲ್ಲದು. ದಿನವೆಲ್ಲ ಬೆಂದ ಮೈಗೆ ಈಗ ಚಳಿ! ಹಲ್ಲು ಕಟಕಟ ಅಂದವು. ಹದಿನೈದು ವರ್ಷ ಮೇಜಿನ ಆಚೆ ಕೂತು ಮಂದಿಯನ್ನು ನಿಲ್ಲಿಸಿದವನು, ಹೆಂಡತಿಯ ಕಡೆ ಅರ್ಧ ಬಾಗಿ, ಆದಷ್ಟು ವಿನಯದಿಂದ, ಆ ಕೋಟೊಂದು ಹಾಕಿಕೊಳ್ಳಲೇನು ಅಂತ ಕೇಳಿದೆ.

ಕಸ್ತೂರೆವ್ವ ಗಂಟು ನೋಡಿದಳು, ಕಿಟಕಿಯ ಆಚೆ ನೋಡಿದಳು, ಒಂದು ಸಲ ಆಕಳಿಸಿದಳು. ಹಿರಿಯ ಅಧಿಕಾರಿಗಳೂ ಅಷ್ಟು ಚೆನ್ನಾಗಿ ತಡ ಮಾಡಲಾರರು.

"ಅರ್ಜಿ ಬರದ ಕೊಡ್ರಿ. ನೋಡೂಣು."

ನಾನು ಕಿಸೆಗೆ ಕೈ ಹಾಕಿದೆ. ಚಡ್ಡಿಗೆ ಕಿಸೆ ಇರಲಿಲ್ಲ. ಪೆನ್ನು ಕೋಟಿನಲ್ಲಿತ್ತು.